ಭಾವನ ಅಟ್ಟ, ಎರಡು ಗ್ರಾಂ ಭಾರ, ಒಂದು ದುಬಾರಿ ಟರ್ನ್‌ಟೇಬಲ್

ಅಡಿಕೆ ಮಂಡಿಯ ದುಡ್ಡು ಕೈಗೆ ಬಂದ ವಾರವೇ ಭಾವನ ಫೋನು ಬಂತು. ತೀರ್ಥಹಳ್ಳಿಯಿಂದ ಇನ್ನೂ ಒಳಗೆ ಅವರ ಊರು. "ಏ ಮಾರಾಯ, ಟರ್ನ್‌ಟೇಬಲ್ ಬದಲಾಯ್ಸಣ ಅಂತಿದೀನಿ. ಈ ಸಲ ಒಳ್ಳೇದನ್ನೇ ತಗಂಬಿಡಣ ಅಂತ. ನೀ ಏನಂತೀಯ?"

ಟರ್ನ್‌ಟೇಬಲ್ ಅಂದರೆ ಗ್ರಾಮಫೋನ್ ಪ್ಲೇಟು ತಿರುಗಿಸಿ ಹಾಡು ಕೇಳಿಸುವ ಮಷಿನ್ನು. ಎಷ್ಟರದ್ದು ಭಾವ ಅಂತ ಕೇಳಿದೆ. ಅವರು ಹೇಳಿದ ದುಡ್ಡಿಗೆ ಶಿವಮೊಗ್ಗದಲ್ಲಿ ಓಡುವ ಸ್ಥಿತಿಯ ಹಳೇ ಕಾರೊಂದು ಬರುತ್ತದೆ.

ತಗೊಳ್ಳಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಭಾನುವಾರ ಬರ್ತೀನಿ ಅಂದೆ. ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳುವುದು ಕಷ್ಟ. ಮನೆ ನೋಡಬೇಕು. ಟರ್ನ್‌ಟೇಬಲ್ ಡಬ್ಬದಲ್ಲಿ ಬರುವ ಸಾಮಾನಿನಂತೆ ಕಂಡರೂ, ಅದರ ಅರ್ಧ ನಿಮ್ಮ ಮನೆಯೇ. ಯಾಕೆ ಅಂತ ಹೇಳಬೇಕಾದರೆ ಮೊದಲು ಮುಳ್ಳಿನ ಕಥೆ ಹೇಳಬೇಕು.

ಮುಳ್ಳಿಗೆ ಗೊತ್ತಿರುವುದು ಒಂದೇ

ನಮ್ಮ ಅಜ್ಜನ ಕಾಲದ ಪ್ಲೇಟು ಅರಗಿನದು. ನಿಮಿಷಕ್ಕೆ 78 ಸುತ್ತು, ಕೈ ಜಾರಿದರೆ ಹಪ್ಪಳದ ಹಾಗೆ ಚೂರು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನ ಲಾಂಗ್ ಪ್ಲೇ ಪ್ಲೇಟು, ಅಂದರೆ ಎಲ್‌ಪಿ ತಂದಿತು. ನಿಮಿಷಕ್ಕೆ 33⅓ ಸುತ್ತು, ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಂಗೀತ. ಆ ಒಂದು ಬದಿಯಲ್ಲಿ ಹಾಡು ಕೊರೆದ ಗೆರೆಯನ್ನು ಸುರುಳಿ ಬಿಚ್ಚಿದ ಹಾಗೆ ಬಿಚ್ಚಿದರೆ 400 ಮೀಟರ್ ಮೇಲಾಗುತ್ತದೆ. ಗೆರೆಯ ಅಗಲವೋ, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು.

ಆ ಗೆರೆ ಬೆಟ್ಟದ ನಡುವಿನ ಕಣಿವೆಯ ಹಾಗೆ, ಎರಡು ಇಳಿಜಾರು ಗೋಡೆ. ಸ್ಟೀರಿಯೊ ಪ್ಲೇಟಿನಲ್ಲಿ ಒಂದು ಗೋಡೆ ಎಡಗಡೆಯ ದನಿ, ಇನ್ನೊಂದು ಬಲಗಡೆಯದು. ಗೋಡೆಗಳ ಅಂಕುಡೊಂಕನ್ನು ಮುಳ್ಳು ತಡವುತ್ತಾ ಹೋಗುತ್ತದೆ. ಮುಳ್ಳಿನ ಹಿಂದಿರುವ ಪುಟ್ಟ ಕಡ್ಡಿಯ ತುದಿಯಲ್ಲಿ ಆಯಸ್ಕಾಂತ, ಅದರ ಪಕ್ಕ ತಂತಿ ಸುರುಳಿ. ಆಯಸ್ಕಾಂತ ಅಲುಗಿದಾಗ ಸುರುಳಿಯಲ್ಲಿ ನಾಲ್ಕೈದು ಮಿಲಿವೋಲ್ಟ್ ಹುಟ್ಟುತ್ತದೆ. ಇದಕ್ಕೆ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಡ್ಜ್ ಅನ್ನುತ್ತಾರೆ. ಸುರುಳಿಯೇ ಅಲುಗುವ ಎಂಸಿ (ಮೂವಿಂಗ್ ಕಾಯಿಲ್) ಅಂತ ಇನ್ನೊಂದು ಜಾತಿ ಇದೆ. ಅದರಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟೂ ಹುಟ್ಟುವುದಿಲ್ಲ.

ಇಲ್ಲೇ ಇರುವುದು ಇಡೀ ವಿಷಯ. ಮುಳ್ಳು ಅಲುಗಿದರೆ ಕಾರ್ಟ್ರಿಡ್ಜ್ ಅದನ್ನು ಕರೆಂಟಾಗಿ ಮಾಡಿ ಕಳಿಸುತ್ತದೆ. ಯಾಕೆ ಅಲುಗಿತು ಅಂತ ಕೇಳುವುದಿಲ್ಲ. ಹಾಡಿನ ಗೆರೆಯಿಂದ ಅಲುಗಿತೋ, ಮೋಟಾರಿನ ನಡುಕದಿಂದಲೋ, ಬೇರಿಂಗ್ ಸವೆದಿದ್ದರಿಂದಲೋ, ನೀವು ಕಾಫಿಗೆ ಅಂತ ಎದ್ದು ನಡೆದಿದ್ದರಿಂದಲೋ, ಅದಕ್ಕೆ ಎಲ್ಲವೂ ಒಂದೇ. ಎಲ್ಲವೂ ಸಂಗೀತವೇ.

ಹಾಗಾಗಿ ಟರ್ನ್‌ಟೇಬಲ್‌ಗೆ ಎರಡೇ ಕೆಲಸ. ಒಂದೇ ಸಮ ತಿರುಗಬೇಕು. ಮುಳ್ಳಿಗೆ ಗೆರೆ ಬಿಟ್ಟು ಬೇರೆ ಯಾವ ಅಲುಗಾಟವೂ ತಾಕದ ಹಾಗೆ ನೋಡಿಕೊಳ್ಳಬೇಕು. ಸಾವಿರಗಳ ಮಷಿನ್ನಿಗೂ ಲಕ್ಷಗಳ ಮಷಿನ್ನಿಗೂ ಇದೇ ಕೆಲಸ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಹೊಸದು ಎಷ್ಟು ಚೆನ್ನಾಗಿದೆ ಅನ್ನುವುದಲ್ಲ. ಈಗ ಇರುವುದರಲ್ಲಿ ಮುಳ್ಳಿಗೆ ತೊಂದರೆ ಕೊಡುತ್ತಿರುವುದು ಯಾವುದು ಅನ್ನುವುದು.

ಅಟ್ಟದ ಮೇಲೆ ಒಂದು ಭಾನುವಾರ

ಭಾವನ ಮನೆ ಹಳೇ ಕಾಲದ್ದು. ಕೆಳಗೆ ಜಗಲಿ, ನಡುಮನೆ. ಮೇಲೆ ಹಲಗೆ ಹಾಸಿದ ಅಟ್ಟ. ಸಂಗೀತದ ಸರಂಜಾಮೆಲ್ಲ ಅಟ್ಟದಲ್ಲೇ. ಒಂದು ತೇಗದ ಟೀಪಾಯಿ ಮೇಲೆ ಅವರ ಹಳೇ ಬೆಲ್ಟ್ ಡ್ರೈವ್ (ಮೋಟಾರು ರಬ್ಬರ್ ಬೆಲ್ಟಿನಿಂದ ಪ್ಲೇಟು ತಿರುಗಿಸುವ) ಟರ್ನ್‌ಟೇಬಲ್, ಅದರ ಎರಡು ಪಕ್ಕಕ್ಕೂ ಮೊಣಕಾಲೆತ್ತರದ ಸ್ಪೀಕರ್. ನೋಡೋಕೇನೋ ಬಲು ಚೆಂದ.

ಅಕ್ಕ ಮಜ್ಜಿಗೆ ಹಿಡಿದುಕೊಂಡು ಮೇಲೆ ಬಂದಳು. ಮೆಟ್ಟಿಲು ಮುಗಿಸಿ ಹಲಗೆಯ ಮೇಲೆ ಮೂರನೇ ಹೆಜ್ಜೆ ಇಟ್ಟಿದ್ದಷ್ಟೇ. ಮುಳ್ಳು ಹಾರಿ, ಪಲ್ಲವಿಯಲ್ಲಿದ್ದ ಹಾಡು ಚರಣಕ್ಕೆ ಹೋಯಿತು. ಭಾವ ಮುಖ ಸಿಂಡರಿಸಿ "ನೋಡು, ಇದಕ್ಕೇ ಹೇಳಿದ್ದು, ಮಷಿನ್ನು ಹಳೇದಾಯ್ತು" ಅಂದರು.

ಮಷಿನ್ ಆಫ್ ಮಾಡಿಸಿದೆ. ಪ್ಲೇಟು ನಿಂತ ಮೇಲೆ, ನಿಂತ ಪ್ಲೇಟಿನ ಮೇಲೆಯೇ ಮುಳ್ಳು ಇಳಿಸಿದೆ. ಆಂಪ್ಲಿಫೈಯರ್ ಆನ್ ಇದೆ, ವಾಲ್ಯೂಮ್ ದಿನಾ ಕೇಳುವಷ್ಟೇ ಇದೆ. ಟೀಪಾಯಿಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಸ್ಪೀಕರಿನಲ್ಲಿ ದೊಪ್ ಅಂತ ಸದ್ದು. ಭಾವನಿಗೆ ಅಟ್ಟದ ಆ ತುದಿಯಿಂದ ನಡೆದುಕೊಂಡು ಬರಲು ಹೇಳಿದೆ. ದೊಪ್, ದೊಪ್, ದೊಪ್. ಒಂದೊಂದು ಹೆಜ್ಜೆಗೂ ಸ್ಪೀಕರಿನ ಕಾಗದದ ಕೋನು ಹೊಟ್ಟೆ ಉಬ್ಬಿಸಿದ ಹಾಗೆ ಮುಂದೆ ಬಂದು ಹಿಂದೆ ಹೋಗುತ್ತಿತ್ತು.

ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ನಿಮ್ಮ ಮನೆಯಲ್ಲೂ ಮಾಡಿ ನೋಡಿ. ತಟ್ಟುವುದು ಮಾತ್ರ ಮೆಲ್ಲಗೆ ಇರಲಿ, ಮುಳ್ಳು ನಾಜೂಕು.

ಇಷ್ಟು ಸಣ್ಣ ತಟ್ಟಿಗೆ ಅಷ್ಟು ದೊಡ್ಡ ಸದ್ದು ಯಾಕೆ? ಎರಡು ಕಾರಣ. ಮೊದಲನೆಯದು ಪ್ಲೇಟು ಕೊರೆಯುವ ರೀತಿಯಲ್ಲಿದೆ. ಮಂದ್ರದ ಸದ್ದನ್ನು ಇದ್ದ ಹಾಗೇ ಕೊರೆದರೆ ಗೆರೆಯ ಓಲಾಟ ಜಾಸ್ತಿಯಾಗಿ ಪಕ್ಕದ ಗೆರೆಗೆ ನುಗ್ಗುತ್ತದೆ. ಅದಕ್ಕೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸುತ್ತಾರೆ. ಕೇಳುವಾಗ ಫೋನೋ ಸ್ಟೇಜ್ ಅನ್ನುವ ಸರ್ಕ್ಯೂಟು ಇದನ್ನು ತಿರುಗುಮುರುಗು ಮಾಡುತ್ತದೆ. 1954ರಿಂದ ಇದಕ್ಕೊಂದು ಒಪ್ಪಿತ ಲೆಕ್ಕ ಇದೆ, ಆರ್‌ಐಎಎ ಅಂತ. ಈ ಲೆಕ್ಕದ ಪ್ರಕಾರ ನಡುವಿನ ಸ್ವರಗಳಿಗೆ ಹೋಲಿಸಿದರೆ 20 ಹರ್ಟ್ಸ್ ಆಸುಪಾಸಿನ ಸದ್ದು ಸುಮಾರು 20 ಡೆಸಿಬಲ್ ಏರುತ್ತದೆ, ಅಂದರೆ ಹತ್ತು ಪಟ್ಟು. ಹಾಡಿನ ಮಂದ್ರಕ್ಕೆ ಅದು ಬೇಕೇ ಬೇಕು. ಆದರೆ ಅಕ್ಕನ ಹೆಜ್ಜೆಯೂ ಮಂದ್ರವೇ ಅಲ್ವಾ? ಅದೂ ಏರಿತು.

ಎರಡನೆಯದು ಮುಳ್ಳನ್ನು ಹೊತ್ತ ತೋಳಿನ, ಅಂದರೆ ಟೋನ್‌ಆರ್ಮಿನ ಲೆಕ್ಕ. ಟೋನ್‌ಆರ್ಮ್‌ಗೆ ಒಂದು ತೂಕ ಇದೆ. ಮುಳ್ಳಿನ ಕಡ್ಡಿ ಮೆತ್ತನೆಯ ರಬ್ಬರಿನಲ್ಲಿ ಕೂತಿದೆ. ತೂಕ ಮತ್ತು ಸ್ಪ್ರಿಂಗು ಸೇರಿದರೆ ಉಯ್ಯಾಲೆ. ಪ್ರತಿ ಉಯ್ಯಾಲೆಗೂ ತನ್ನದೇ ಒಂದು ತಾಳ. ಇದನ್ನು ಲೆಕ್ಕ ಹಾಕುವುದೂ ಸುಲಭ. ತೋಳಿನ ಎಫೆಕ್ಟಿವ್ ಮಾಸ್ (ತಕ್ಕಡಿಯಲ್ಲಿ ಬರುವ ತೂಕವಲ್ಲ, ಮುಳ್ಳಿನ ತುದಿಗೆ ಅನಿಸುವ ತೂಕ), ಕಾರ್ಟ್ರಿಡ್ಜ್ ಮತ್ತು ಸ್ಕ್ರೂಗಳ ತೂಕ ಗ್ರಾಂನಲ್ಲಿ ಕೂಡಿಸಿ. ಅದನ್ನು ಕಂಪ್ಲಯನ್ಸ್ (ಮುಳ್ಳಿನ ಕಡ್ಡಿ ಎಷ್ಟು ಮೆತ್ತಗೆ ಬಾಗುತ್ತದೆ ಅನ್ನುವ ಅಳತೆ) ಅಂತ ಕಾರ್ಟ್ರಿಡ್ಜಿನ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯಿಂದ ಗುಣಿಸಿ. ವರ್ಗಮೂಲ ತೆಗೆದು, ಅದರಿಂದ 159ನ್ನು ಭಾಗಿಸಿ. 19 ಗ್ರಾಂ, ಕಂಪ್ಲಯನ್ಸ್ 15 ಆದರೆ ಸುಮಾರು 9.4 ಹರ್ಟ್ಸ್ ಬರುತ್ತದೆ. ಇದು 8ರಿಂದ 12ರ ನಡುವೆ ಇದ್ದರೆ ಒಳ್ಳೆಯದು. 20ಕ್ಕೆ ಹತ್ತಿರ ಹೋದರೆ ಸಂಗೀತಕ್ಕೆ ತಾಗುತ್ತದೆ. ತೀರಾ ಕೆಳಗಿಳಿದರೆ ಸೊಟ್ಟ ಪ್ಲೇಟಿನ ಏರಿಳಿತಕ್ಕೂ ಮನುಷ್ಯರ ಹೆಜ್ಜೆಗೂ ಉಯ್ಯಾಲೆ ಜೋರಾಗುತ್ತದೆ. ಹಲಗೆಯ ಅಟ್ಟ ಕೂಡ ಇಂಥದ್ದೇ ನಿಧಾನದ ಉಯ್ಯಾಲೆ. ಒಂದು ಉಯ್ಯಾಲೆಯ ಮೇಲೆ ಇನ್ನೊಂದು ಉಯ್ಯಾಲೆ ಇಟ್ಟು, ಅದರಲ್ಲಿ ಸಂಗೀತ ಕೂರಿಸಿದ್ದರು ನಮ್ಮ ಭಾವ.

ಇನ್ನೊಂದು ವಿಚಿತ್ರ ನೋಡಿ. ಭಾವ ಕಣ್ಣಿಟ್ಟಿದ್ದ ದುಬಾರಿ ಮಷಿನ್ನು ಸ್ಪ್ರಿಂಗ್ ಸಸ್ಪೆನ್ಷನ್ ಇರುವ ಜಾತಿಯದು. 1961ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ ಎಂಜಿನಿಯರ್‌ನ ಎಆರ್ ಕಂಪನಿ ಈ ಬಗೆಯದನ್ನು ಹೊರತಂದು ಹೆಸರು ಮಾಡಿತು. 1970ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಲಿನ್ ಕಂಪನಿಯ ಎಲ್‌ಪಿ12 ಅದನ್ನೇ ಇನ್ನೂ ಮುಂದಕ್ಕೆ ಒಯ್ದಿತು. ಪ್ಲೇಟು, ತೋಳು ಎರಡೂ ಸ್ಪ್ರಿಂಗಿನ ಮೇಲೆ ತೇಲುತ್ತಿರುತ್ತವೆ. ಸ್ಪೀಕರಿನ ಗದ್ದಲ, ಮೋಟಾರಿನ ನಡುಕಕ್ಕೆ ಇದು ಬಹಳ ಒಳ್ಳೆಯ ಮದ್ದು. ಆದರೆ ಆ ಸ್ಪ್ರಿಂಗಿನ ಸ್ವಂತ ತಾಳ ಕೆಲವೇ ಹರ್ಟ್ಸ್. ತೂಗಾಡುವ ಹಲಗೆ ನೆಲ ಅದಕ್ಕೆ ಕೊಡುವುದೂ ಅದನ್ನೇ. ಅಷ್ಟು ಲಕ್ಷ ಕೊಟ್ಟು ತಂದು ಅದೇ ಟೀಪಾಯಿ ಮೇಲಿಟ್ಟಿದ್ದರೆ ಈಗಿನದಕ್ಕಿಂತ ಜಾಸ್ತಿ ಹಾರುತ್ತಿತ್ತು.

ಮದ್ದು ಏನು? ಒಂದೋ ಕೆಳಗಿಳಿಸಿ. ನಡುಮನೆಯ ಗಟ್ಟಿ ನೆಲದ ಮೇಲೆ ಭಾರದ ಬೆಂಚು, ಅದರ ಮೇಲೆ ಒಂದು ಕಡಪ ಕಲ್ಲು. ಇಲ್ಲವೇ ಗೋಡೆಗೆ ಶೆಲ್ಫ್ ಹೊಡೆಸಿ. ಮಲೆನಾಡಿನ ಹಳೇ ಮನೆಯ ದಪ್ಪ ಗೋಡೆ ಟರ್ನ್‌ಟೇಬಲ್ಲಿಗೆ ವರ ಇದ್ದ ಹಾಗೆ. ನೆಲ ಎಷ್ಟೇ ಕುಣಿದರೂ ಅದು ಅಲುಗುವುದಿಲ್ಲ. ಆದರೆ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲಿಸುವುದು ಒಂದು ವಿದ್ಯೆ. ಭಾವನ ಮನೆಯಲ್ಲಿ ಮೊದಲ ಸಲ ಡ್ರಿಲ್ ಹಾಕಿದಾಗ ಅಂಗೈ ಅಗಲ ಗಾರೆ ಕಿತ್ತು ಬಂತು. ಆಮೇಲೆ ಮೇಸ್ತ್ರಿ ಬಂದು ಜಂಬಿಟ್ಟಿಗೆ ಇರುವ ಜಾಗ ತಟ್ಟಿ ಹುಡುಕಿ, ಉದ್ದನೆಯ ಬೋಲ್ಟ್ ಕೂರಿಸಿ, ಸುತ್ತ ಸಿಮೆಂಟ್ ತುಂಬಿದರು. ಸ್ಪೀಕರ್‌ಗಳನ್ನು ಎದುರಿನ ಗೋಡೆಯ ಕಡೆ ಸರಿಸಿದೆವು.

ನೂರು ಸುತ್ತಿಗೆ ಮೂರು ನಿಮಿಷ

ಎರಡನೇ ಅನುಮಾನ ವೇಗದ್ದು. ಭಾವನಿಗೆ ಶ್ರುತಿಜ್ಞಾನ ಚೆನ್ನಾಗಿದೆ. "ತಂಬೂರಿ ಒಂಚೂರು ಓಲಾಡ್ತದೆ" ಅನ್ನುವುದು ಅವರ ದೂರು.

33⅓ ಸುತ್ತು ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು. ಪ್ಲೇಟು ಕೂರುವ ತಟ್ಟೆಯ, ಅಂದರೆ ಪ್ಲಾಟರಿನ ಅಂಚಿಗೆ ತೋಳು ತಾಗದ ಹಾಗೆ ಒಂದು ಚೂರು ಕಾಗದ ಅಂಟಿಸಿದೆವು. ಮುಳ್ಳು ಗೆರೆಯ ಮೇಲೆ ಓಡುತ್ತಿರಲಿ, ಬರೀ ಪ್ಲಾಟರ್ ತಿರುಗಿಸಿ ಅಳೆಯಬಾರದು. ಭಾವ ಫೋನಿನ ಸ್ಟಾಪ್‌ವಾಚ್ ಹಿಡಿದರು, ಅಕ್ಕ ಎಣಿಸಿದಳು. ನೂರಕ್ಕೆ ನಿಲ್ಲಿಸಿದಾಗ 178.6 ಸೆಕೆಂಡು. "ಅಯ್ಯೋ, ಓಡ್ತಾ ಇದೆಯಲ್ಲ ಮಾರಾಯ ಇದು!" ಅಂತ ಭಾವ ಎದ್ದು ನಿಂತೇಬಿಟ್ಟರು.

ನನಗೆ ಅನುಮಾನ ಬಂತು. ಅಕ್ಕ, ಮೊದಲ ಸಲ ಕಾಗದ ಕಂಡಾಗ ಏನಂದೆ? "ಒಂದು." ಅಲ್ಲೇ ಎಡವಟ್ಟು. ಸೊನ್ನೆ ಅನ್ನಬೇಕಿತ್ತು. ಒಂದರಿಂದ ಶುರು ಮಾಡಿದರೆ ನೂರು ಅಂದಾಗ ತಿರುಗಿರುವುದು 99 ಸುತ್ತು. ಒಂದು ಸುತ್ತಿಗೆ 1.8 ಸೆಕೆಂಡು. ಕೂಡಿಸಿ ನೋಡಿ, ಸುಮಾರು 180.4 ಆಯಿತು. ಇನ್ನೊಮ್ಮೆ ಸೊನ್ನೆಯಿಂದ ಎಣಿಸಿದಾಗ 180.5. ಅಂದರೆ ಶೇಕಡಾ 0.3ಕ್ಕಿಂತ ಕಡಿಮೆ ನಿಧಾನ. ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ ಇರುವ ದೂರದಲ್ಲಿ ಇದು ಇಪ್ಪತ್ತನೇ ಒಂದು ಭಾಗ. ಹಳೇ ಬೆಲ್ಟ್ ಬದಲಿಸಿ, ಬೇರಿಂಗಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಸಾಕಾದೀತು.

ಹಾಗಾದರೆ ತಂಬೂರಿ ಓಲಾಡುವುದು ಯಾಕೆ? ಎಲ್ಲ ಪ್ಲೇಟಿನಲ್ಲೂ ಓಲಾಡುತ್ತದಾ ಅಂತ ಕೇಳಿದೆ. ಇಲ್ಲ, ಅದೊಂದರಲ್ಲಿ ಮಾತ್ರ. ಆ ಪ್ಲೇಟು ಹಾಕಿ ತೋಳನ್ನು ಮೇಲಿನಿಂದ ನೋಡಿದರೆ, ಸುತ್ತಿಗೊಮ್ಮೆ ತೋಳು ಎಡಕ್ಕೂ ಬಲಕ್ಕೂ ಹೋಗಿಬರುತ್ತಿದೆ. ನಡುವಿನ ತೂತೇ ನಡುವಿಗಿಲ್ಲ. ತೂತು ಅರ್ಧ ಮಿಲಿಮೀಟರ್ ಆಚೀಚೆ ಆದರೂ, ನಡುವಿನಿಂದ ಹತ್ತು ಸೆಂಟಿಮೀಟರ್ ದೂರದ ಗೆರೆಯಲ್ಲಿ ವೇಗ ಶೇಕಡಾ 0.5ರಷ್ಟು ಏರಿ ಇಳಿಯುತ್ತದೆ. ಟೆಕ್ನಿಕ್ಸ್‌ನ ಎಸ್‌ಎಲ್-1200 ಎಂಕೆ2 ಅನ್ನುವ ಹೆಸರುವಾಸಿ ಡೈರೆಕ್ಟ್ ಡ್ರೈವ್ (ಬೆಲ್ಟಿಲ್ಲದೆ ಮೋಟಾರೇ ನೇರ ತಿರುಗಿಸುವ) ಮಷಿನ್ನಿನ ಓಲಾಟ ಕಂಪನಿಯ ಲೆಕ್ಕದಲ್ಲಿ ಶೇಕಡಾ 0.025. ಎರಡನ್ನೂ ಅಳೆಯುವ ರೀತಿ ಬೇರೆ, ಆದರೂ ಅಂತರ ಎಂಥದ್ದು ಅಂತ ಗೊತ್ತಾಗುತ್ತದಲ್ಲ. ನೀವು ಎಷ್ಟೇ ಲಕ್ಷದ ಮಷಿನ್ ತನ್ನಿ, ಆ ಪ್ಲೇಟು ಅದರ ಮೇಲೂ ಓಲಾಡುತ್ತದೆ. 1980ರ ದಶಕದ ಆರಂಭದಲ್ಲಿ ಜಪಾನಿನ ನಾಕಮಿಚಿ ಕಂಪನಿ ಪ್ಲೇಟನ್ನು ತಾನೇ ಸರಿಸಿ ನಡುವಿಗೆ ತರುವ ಟರ್ನ್‌ಟೇಬಲ್ ಮಾಡಿತ್ತು. ಅಂಥದ್ದು ಈಗ ಸಿಗುವುದೂ ಕಷ್ಟ, ಸಿಕ್ಕರೆ ತೋಟ ಮಾರಬೇಕು.

ಕರೆಂಟಿನ ಮಾತು ಇಲ್ಲೇ ಹೇಳಿಬಿಡುತ್ತೇನೆ, ನಮ್ಮ ಕಡೆ ಅದೊಂದು ದೊಡ್ಡ ಭಯ. ಬಹಳ ಬೆಲ್ಟ್ ಡ್ರೈವ್‌ಗಳಲ್ಲಿ ಎಸಿ ಸಿಂಕ್ರೊನಸ್ ಮೋಟಾರ್ ಇರುತ್ತದೆ. ಅದರ ವೇಗ ವೋಲ್ಟೇಜಿನ ಮೇಲೆ ನಿಂತಿಲ್ಲ, ಕರೆಂಟಿನ 50 ಹರ್ಟ್ಸ್ ತಾಳದ ಮೇಲೆ ನಿಂತಿದೆ. ಹಾಗಾಗಿ ವೇಗ ಸರಿಮಾಡಲು ಸ್ಟೆಬಿಲೈಸರ್ ತಂದರೆ ಪ್ರಯೋಜನ ಇಲ್ಲ. ನಮ್ಮ ಗ್ರಿಡ್‌ಗೆ ಗೊತ್ತುಮಾಡಿರುವ ಮಿತಿ 49.90ರಿಂದ 50.05, ಅದೇನೂ ಕಿವಿಗೆ ತಾಗುವ ವ್ಯತ್ಯಾಸವಲ್ಲ. ಆದರೆ ಅಗ್ಗದ ಇನ್ವರ್ಟರಿನ ಒರಟು ಅಲೆಯಲ್ಲಿ ಈ ಮೋಟಾರು ಗುಂಯ್ ಅನ್ನುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆದರೆ ಪರವಾಗಿಲ್ಲ. ಡಿಸಿ ಮೋಟಾರಿನ ಮಷಿನ್ನಿಗೆ ಈ ರಗಳೆ ಕಡಿಮೆ.

ಅಮೆರಿಕದಲ್ಲಿರುವ ಮಗ ಹಳೇ ಟರ್ನ್‌ಟೇಬಲ್ ತಂದುಕೊಡ್ತಾನೆ ಅನ್ನುವವರು ಸ್ವಲ್ಪ ನಿಲ್ಲಿ. ಅಲ್ಲಿನ ಕರೆಂಟು 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದರೂ ಅಂಥ ಎಸಿ ಮೋಟಾರು ನಮ್ಮಲ್ಲಿ ನಿಮಿಷಕ್ಕೆ 28 ಸುತ್ತೂ ತಿರುಗುವುದಿಲ್ಲ. ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿದು, ಗಾಯಕಿ ಹಾಡಿದ್ದು ಗಾಯಕ ಹಾಡಿದ ಹಾಗೆ ಕೇಳುತ್ತದೆ.

ದುಡ್ಡು ಮೊದಲು ಎಲ್ಲಿಗೆ

ಸ್ಟೈಲಸ್, ಅಂದರೆ ಈ ಮುಳ್ಳು, ಯಾವಾಗ ಹಾಕಿಸಿದ್ದು ಭಾವ ಅಂತ ಕೇಳಿದೆ. "ಹೊಸದೇ, ಹತ್ತು ವರ್ಷ ಆಯ್ತೇನೋ ಅಷ್ಟೆ" ಅಂದರು. ದಿನಕ್ಕೊಂದು ಎಲ್‌ಪಿಯ ಎರಡೂ ಬದಿ ಕೇಳುವ ಮನುಷ್ಯ. ವರ್ಷಕ್ಕೆ 240 ಗಂಟೆಯ ಮೇಲಾಯಿತು. ವಜ್ರದ ಮುಳ್ಳಿನ ಆಯಸ್ಸು ಸಾಮಾನ್ಯವಾಗಿ 500ರಿಂದ 1000 ಗಂಟೆ. ಸವೆದ ಮುಳ್ಳು ದನಿ ಕೆಡಿಸುವುದು ಹಾಗಿರಲಿ, ಗೆರೆಯ ಗೋಡೆಯನ್ನೇ ಕೆತ್ತುತ್ತದೆ. ಕತ್ತಿ ಮೊಂಡಾದರೆ ಸಾಣೆ ಹಿಡಿಯಬಹುದು, ಕೆತ್ತಿಹೋದ ಪ್ಲೇಟಿಗೆ ಏನೂ ಮಾಡುವ ಹಾಗಿಲ್ಲ.

ಮುಳ್ಳಿನ ಆಕಾರವೂ ದೊಡ್ಡ ವಿಷಯ. ನನ್ನ ಪ್ರಕಾರ ಇಡೀ ಸರಂಜಾಮಿನಲ್ಲಿ ಕೊಟ್ಟ ದುಡ್ಡಿಗೆ ಜಾಸ್ತಿ ವಾಪಸ್ ಕೊಡುವುದು ಇದೇ. ಪ್ಲೇಟಿನ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ 51 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬಂದಾಗ 21 ಸೆಂಟಿಮೀಟರ್. ಅದೇ ಒಂದು ಸೆಕೆಂಡಿನ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಗುಂಡು ತುದಿಯ ಮುಳ್ಳಿಗೆ ಆ ಇಕ್ಕಟ್ಟಿನಲ್ಲಿ ಇಳಿಯಲು ಆಗುವುದಿಲ್ಲ. ಬದಿಯ ಕೊನೆಯ ಹಾಡಿನಲ್ಲಿ 'ಸ', 'ಶ' ಬಂದಾಗಲೆಲ್ಲ ಹರಿದ ಬಟ್ಟೆಯ ಸದ್ದು ಬರುತ್ತದಲ್ಲ, ಅದಕ್ಕೆ ಇದೇ ಕಾರಣ. ಎಲಿಪ್ಟಿಕಲ್ ಮುಳ್ಳು ಸ್ವಲ್ಪ ವಾಸಿ. ಮೈಕ್ರೋಲೈನ್, ಶಿಬಾಟಾ ಆಕಾರದ್ದು ಇನ್ನೂ ವಾಸಿ. ಇವುಗಳ ಅಂಚು ತೆಳು, ಗೋಡೆಯ ಉದ್ದಕ್ಕೂ ತಾಗುತ್ತದೆ. ಹಳೇ ಗುಂಡು ಮುಳ್ಳುಗಳು ಸವೆಸಿದ ಜಾಗ ಬಿಟ್ಟು ಸವೆಯದ ಜಾಗವನ್ನೂ ಮುಟ್ಟುತ್ತದೆ. ಹಾಗಾಗಿ ಕೆಲವು ಹಳೇ ಪ್ಲೇಟು ಹೊಸ ದನಿಯಲ್ಲಿ ಎದ್ದು ಕೂರುವುದುಂಟು. ಎಲ್ಲವೂ ಅಲ್ಲ. ಹಳೇ ಪೆಟ್ಟಿಗೆ ಪ್ಲೇಯರುಗಳ ಭಾರದ ಮುಳ್ಳಿನ ಕೆಳಗೆ ವರ್ಷಗಟ್ಟಲೆ ಸಿಕ್ಕಿದವು ಹೋದವೇ.

ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95 ಸಾಲಿನಲ್ಲಿ ಒಂದೇ ಕಾರ್ಟ್ರಿಡ್ಜಿಗೆ ಗುಂಡು ತುದಿಯಿಂದ ಶಿಬಾಟಾದವರೆಗೆ ಬೇರೆ ಬೇರೆ ಮುಳ್ಳು ಸಿಕ್ಕಿಸಬಹುದು. 78ರ ಅರಗಿನ ಪ್ಲೇಟಿಗೆ ಬೇಕಾದ ದಪ್ಪ ಮುಳ್ಳೂ ಅದರಲ್ಲೇ ಇದೆ. ಅಜ್ಜನ ಪ್ಲೇಟು, ತಮ್ಮ ಪ್ಲೇಟು ಎರಡೂ ಇಟ್ಟುಕೊಂಡಿರುವ ಮನೆಗಳಿಗೆ ಇದು ಅನುಕೂಲ. ಎಲ್‌ಪಿಯ ಮುಳ್ಳನ್ನು ಅರಗಿನ ಪ್ಲೇಟಿಗೆ ಇಳಿಸಿದರೆ ಅಗಲ ಗೆರೆಯ ತಳಕ್ಕೆ ಬಿದ್ದು ಬರೀ ಕರಕರ ಕೇಳುತ್ತದೆ.

ಮುಳ್ಳು ಹೊಸದಾದರೆ ಸಾಲದು, ಕೂರಿಸುವುದರಲ್ಲೂ ಕೆಲಸ ಇದೆ. ಟೋನ್‌ಆರ್ಮ್ ಅಂದರೆ ತಕ್ಕಡಿ. ತೋಳಿನ ಹಿಂಬದಿಯ ತೂಕದ ಗುಂಡು ತಿರುಗಿಸಿ ತೋಳು ಗಾಳಿಯಲ್ಲಿ ಸಮ ನಿಲ್ಲುವ ಹಾಗೆ ಮಾಡಿ, ಆಮೇಲೆ ಕಾರ್ಟ್ರಿಡ್ಜ್ ಕೇಳುವಷ್ಟು ಭಾರ ಕೊಡಬೇಕು. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗ್ರಾಂ. ತೋಳಿನ ಮೇಲೆ ಕೆತ್ತಿದ ಅಂಕಿ ನಂಬಬೇಡಿ, ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ಭಾವನದು ಅಳೆದಾಗ ಮೂರು ಗ್ರಾಂ ಮೇಲಿತ್ತು. ಹಾರುತ್ತದೆ ಅಂತ ಅವರೇ ಬಿಗಿ ಮಾಡಿ ಮಾಡಿ ಅಲ್ಲಿಗೆ ತಂದಿದ್ದರು. ತೀರಾ ಕಡಿಮೆ ಭಾರವೂ ಕೆಟ್ಟದ್ದೇ, ಮುಳ್ಳು ಗೋಡೆಯಿಂದ ಗೋಡೆಗೆ ಬಡಿದಾಡುತ್ತದೆ. ಕಾರ್ಟ್ರಿಡ್ಜಿನ ಕೋನ ಸರಿಮಾಡಲು ಕಾಗದದ ಪ್ರೊಟ್ರಾಕ್ಟರ್ ಪ್ರಿಂಟ್ ಹಾಕಿಸುವವರು, ಹೊರಗೆ ಬಂದ ಕಾಗದವನ್ನು ಸ್ಕೇಲಿನಿಂದ ಅಳೆದು ನೋಡಿ. ಜೆರಾಕ್ಸ್ ಅಂಗಡಿಯ ಪ್ರಿಂಟರ್ ಪುಟಕ್ಕೆ ಹೊಂದಿಸಲು ಹೋಗಿ ಚಿತ್ರವನ್ನು ಕುಗ್ಗಿಸಿರುತ್ತದೆ. ನಾನು ಒಂದು ಇಡೀ ಸಂಜೆ ಅಂಥ ಕಾಗದಕ್ಕೆ ಕಾರ್ಟ್ರಿಡ್ಜ್ ಹೊಂದಿಸಿ, ಮೊದಲಿಗಿಂತ ಕೆಟ್ಟದಾಗಿ ಕೇಳಿಸಿ ತಲೆ ಕೆಡಿಸಿಕೊಂಡಿದ್ದೆ.

ಮಳೆಗಾಲದ ಲೆಕ್ಕ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ತೀರ್ಥಹಳ್ಳಿ ಸುತ್ತ ಅಷ್ಟಿಲ್ಲ, ಆದರೂ ಆಷಾಢದಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪ್ಲೇಟಿನ ಕವರಿಗೂ ಬೂಷ್ಟು. ವಿನೈಲನ್ನು ಬೂಷ್ಟು ಸುಲಭಕ್ಕೆ ತಿನ್ನುವುದಿಲ್ಲ, ಅದರ ಮೇಲಿನ ಧೂಳು, ಬೆರಳಿನ ಜಿಡ್ಡು ಹಿಡಿದು ಬೆಳೆಯುತ್ತದೆ. ಒಳಗಿನ ಹಳೇ ಕಾಗದದ ಚೀಲ ಎಸೆದು ಹೊಸದು ಹಾಕಿ. ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ, ಮೆತ್ತನೆ ಬ್ರಷ್ಷಿನಲ್ಲಿ ಗೆರೆಯ ಗುಂಟ ತೊಳೆದು ಒಣಗಿಸಿ. ಅರಗಿನ ಪ್ಲೇಟಿಗೆ ಮಾತ್ರ ಆಲ್ಕೋಹಾಲ್ ಮುಟ್ಟಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ಬೀರುವಿನಲ್ಲಿ ಪ್ಲೇಟುಗಳಿಂದ ದೂರಕ್ಕೆ ಒಂದು ಸಣ್ಣ ಹಳೇ ಮಾದರಿಯ ಬಲ್ಬು ಉರಿಸಿಡುವುದು ನಮ್ಮ ಕಡೆಯ ಉಪಾಯ, ಅದು ಇಲ್ಲೂ ಸರಿ.

ತೇವ ಮಷಿನ್ನಿಗೂ ಶತ್ರು. ಕಾರ್ಟ್ರಿಡ್ಜ್ ಕೂರುವ ಹೆಡ್‌ಶೆಲ್ಲಿನ ಪಿನ್ನು ಮಂಕಾಗುತ್ತದೆ, ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಬೆಲ್ಟ್ ಸಡಿಲ ಬೀಳುತ್ತದೆ. ಆಗಾಗ ಬಿಚ್ಚಿ ಟ್ಯೂನ್ ಮಾಡಬೇಕಾದ ನಾಜೂಕಿನ ಮಷಿನ್ನಿಗೆ ಇದು ತಾಳಿಕೆಯ ಊರಲ್ಲ. ಸರ್ವಿಸ್‌ಗೆ ಬೆಂಗಳೂರಿಗೆ ಒಯ್ಯಬೇಕು ಅಂದರೆ ಶಿವಮೊಗ್ಗದಿಂದಲೇ ಸುಮಾರು 300 ಕಿಲೋಮೀಟರ್. ಒಂದು ಲಾಭವೂ ಇದೆ ಅನ್ನಿ. ಮಳೆಗಾಲದಲ್ಲಿ ಪ್ಲೇಟಿನ ಮೇಲೆ ಸ್ಟ್ಯಾಟಿಕ್ ನಿಲ್ಲುವುದಿಲ್ಲ. ಚಟಪಟ ಸದ್ದು ಶುರುವಾಗುವುದು ಶಿವರಾತ್ರಿಯ ಒಣ ಹವೆಗೆ.

ಹಾಗಾದರೆ ದುಬಾರಿ ಮಷಿನ್ ಯಾರಿಗೆ?

ಬರೀ ಬೇಡ ಬೇಡ ಅಂದರೆ ಸುಳ್ಳಾಗುತ್ತದೆ. ನಾನೇ ಮೂರು ವರ್ಷದ ಹಿಂದೆ ಒಂದು ದುಬಾರಿಯದು ತಗೊಂಡೆ.

ಅದರಿಂದ ಸಿಕ್ಕಿದ್ದು ಏನು? ಹಾಡಿಗೂ ಹಾಡಿಗೂ ನಡುವಿನ ಖಾಲಿ ಜಾಗ ನಿಜವಾಗಿ ಖಾಲಿಯಾಯಿತು. ಮೊದಲು ಅಲ್ಲಿ ದೂರದ ಲಾರಿಯಂಥ ಗುರುಗುರು ಇತ್ತು. ಅದು ನನ್ನ ಹಳೇ ಮಷಿನ್ನಿನ ನಡುವಿನ ಬೇರಿಂಗು. ಆ ಗುರುಗುರು ಹೋದ ಮೇಲೆ ಮೃದಂಗದ ತೊಪ್ಪಿಯ ಏಟು ಎಲ್ಲಿ ನಿಲ್ಲುತ್ತದೆ ಅನ್ನುವುದು ಗೊತ್ತಾಗತೊಡಗಿತು. ವೀಣೆಯ ತಂತಿ ಮೀಟಿದ ಮೇಲೆ ದನಿ ಆರುವವರೆಗೂ ಹಿಂಬಾಲಿಸಬಹುದು. ಅಷ್ಟೇ. ಹೊಸ ವಾದ್ಯ ಯಾವುದೂ ಕೇಳಿಸಲಿಲ್ಲ. ದುಡ್ಡು ಹೋಗುವುದು ಇಲ್ಲಿಗೇ: ಕರಾರುವಾಕ್ಕಾಗಿ ಕಡೆದ ಬೇರಿಂಗು, ಭಾರದ ಪ್ಲಾಟರು, ಸಡಿಲ ಇಲ್ಲದೆ ಜಾರುವ ತೋಳು, ಮೋಟಾರನ್ನು ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ಸು. ಒಂದು ಹಂತ ದಾಟಿದ ಮೇಲೆ ಮರದ ಪಾಲಿಶ್ಶಿಗೂ ಹೆಸರಿಗೂ ಹೋಗುತ್ತದೆ. ಅದರಲ್ಲೂ ಸಂತೋಷ ಇದೆ, ಆದರೆ ಅದು ಕಣ್ಣಿನ ಸಂತೋಷ.

1970ರ ದಶಕದಲ್ಲಿ ಲಿನ್ ಕಂಪನಿಯವರು ಒಂದು ವಾದ ಹೂಡಿದರು. ಮೂಲದಲ್ಲಿ ಕಳೆದುಹೋದದ್ದನ್ನು ಮುಂದೆ ಯಾವ ಸ್ಪೀಕರೂ ತಂದುಕೊಡಲಾರದು, ಹಾಗಾಗಿ ಮೊದಲು ಟರ್ನ್‌ಟೇಬಲ್ ಒಳ್ಳೆಯದು ತಗೊಳ್ಳಿ ಅಂತ. ಮಾತಿನ ಮೊದಲ ಅರ್ಧ ಸರಿ. ಟರ್ನ್‌ಟೇಬಲ್ ಮಾರುವವರು ಹೇಳಿದ್ದು ಅನ್ನುವುದೂ ನೆನಪಿರಲಿ. ಮೂಲ ಅಂದರೆ ಗೆರೆ ಮತ್ತು ಮುಳ್ಳು ಸೇರುವ ಜಾಗ. ಆ ಜಾಗ ಹಾಳಾಗಲು ಮಷಿನ್ನಿನ ಬೆಲೆಗಿಂತ ಬೇರೆ ಕಾರಣಗಳೇ ಜಾಸ್ತಿ.

ಗೋಡೆ ಶೆಲ್ಫು, ಹೊಸ ಮುಳ್ಳು, ಸರಿಯಾದ ಭಾರ, ತೊಳೆದ ಪ್ಲೇಟು, ನೆಟ್ಟಗಿನ ಫೋನೋ ಸ್ಟೇಜ್ ಎಲ್ಲ ಆದ ಮೇಲೂ ಖಾಲಿ ಗೆರೆಯಲ್ಲಿ ಗುರುಗುರು ಕೇಳುತ್ತಿದೆಯಾ? ತೋಳನ್ನು ತುದಿಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದರೆ ಬುಡ ಕಟಕಟ ಅನ್ನುತ್ತದಾ? ನೂರು ಸುತ್ತಿನ ಲೆಕ್ಕ ಇವತ್ತು 179, ನಾಳೆ 182 ಬರುತ್ತದಾ? ಇವುಗಳಲ್ಲಿ ಒಂದು ಹೌದಾದರೂ ಮಷಿನ್ ಬದಲಿಸುವ ಮಾತಿಗೆ ಅರ್ಥ ಇದೆ. ಆಗಲೂ ಮಲೆನಾಡಿಗೆ ನನ್ನ ಒಲವು ಸ್ಪ್ರಿಂಗು ಇಲ್ಲದ, ಬಿಚ್ಚಿ ಕೂರಿಸಲು ಸುಲಭವಾದ ಮಷಿನ್ನಿನ ಕಡೆಗೆ. ರೇಗಾದವರ ಪ್ಲಾನರ್ 3 ಥರದ್ದು, ಇಲ್ಲ ಟೆಕ್ನಿಕ್ಸ್ 1200. ಟೆಕ್ನಿಕ್ಸ್‌ನದು 1972ರಲ್ಲಿ ಹುಟ್ಟಿ, 2010ರಲ್ಲಿ ನಿಂತು, 2016ರಲ್ಲಿ ಮತ್ತೆ ಬಂತು. ಡಿಜೆಗಳ ಏಟನ್ನೇ ತಿಂದು ಬದುಕಿದೆ, ಅಕ್ಕನ ಹೆಜ್ಜೆಯನ್ನೂ ತಾಳಿಕೊಂಡೀತು.

ಇನ್ನೊಂದು ಪ್ರಶ್ನೆ ಭಾವನಿಗೆ ಅಷ್ಟು ಇಷ್ಟವಾಗಲಿಲ್ಲ. ನಿಮ್ಮ ಹತ್ತಿರ ಎಷ್ಟು ಪ್ಲೇಟಿದೆ? ಎಣಿಸಿದರೆ 114. ತಿರುತಿರುಗಿ ಕೇಳುವುದು ಮೂವತ್ತೋ ನಲವತ್ತೋ. ಅವರು ಪ್ರಾಣ ಬಿಡುವ ಭಾವಗೀತೆಗಳಲ್ಲಿ ಅರ್ಧಕ್ಕರ್ಧ ಕ್ಯಾಸೆಟ್ಟಿನಲ್ಲಿವೆ, ಅವಕ್ಕೆ ಯಾವ ಟರ್ನ್‌ಟೇಬಲ್ಲೂ ಸಹಾಯ ಮಾಡಲಾರದು. ಹೊಸದಾಗಿ ಬರುವ ಎಲ್‌ಪಿಗಳಲ್ಲೂ ಎಷ್ಟೋ ಡಿಜಿಟಲ್ ಫೈಲಿನಿಂದ ಕೊರೆದವು.

ಶೆಲ್ಫು ಕೂತಿತು, ಬೆಲ್ಟು ಬಂತು, ಮೈಕ್ರೋಲೈನ್ ಮುಳ್ಳು ಬಂತು. ಎಲ್ಲ ಸೇರಿ ಅವರು ಮೊದಲು ಹೇಳಿದ ಮೊತ್ತದ ಹತ್ತನೇ ಒಂದು ಭಾಗವೂ ಆಗಲಿಲ್ಲ. ಅಕ್ಕ ಅಟ್ಟದಲ್ಲಿ ಬೇಕಂತಲೇ ಧಡಧಡ ನಡೆದು ನೋಡಿದಳು. ಹಾಡು ಅದರ ಪಾಡಿಗೆ ಸಾಗಿತು. ದುಬಾರಿ ಮಷಿನ್ನಿನ ಚಿತ್ರ ಭಾವನ ಫೋನಿನಲ್ಲಿ ಇನ್ನೂ ಇದೆ, ಬಂದವರಿಗೆಲ್ಲ ತೋರಿಸುತ್ತಾರೆ.

ಮೊನ್ನೆ ಜೋರು ಮಳೆಯ ರಾತ್ರಿ ಹತ್ತೂವರೆಗೆ ಮತ್ತೆ ಫೋನು. "ಮಾರಾಯ, ಎಲ್ಲೋ ಮರ ಬಿತ್ತು ಕಾಣ್ತದೆ, ಕರೆಂಟು ಹೋಯ್ತು. ಮುಳ್ಳು ಪ್ಲೇಟಿನ ಮೇಲೇ ಕೂತಿದೆ. ಕತ್ತಲಲ್ಲಿ ಮುಟ್ಟಕ್ಕೆ ಹೆದರಿಕೆ. ಏನ್ ಮಾಡ್ಲಿ?"

ಪಕ್ಕದ ಲಿವರ್ ಎತ್ತಿ, ಸ್ವಿಚ್ ಆಫ್ ಮಾಡಿ, ಮಲಗಿ ಭಾವ ಅಂದೆ.

"ಹಾಡು ಅರ್ಧಕ್ಕೆ ನಿಂತಿದೆಯಲ್ಲೋ" ಅಂದರು.